ನಾಲ್ಕು ಜೊತೆ ಟೈರು

ಕಾಕಾ ತೀರಿಕೊಂಡು ಹದಿನೈದು ದಿನಕ್ಕೆ ನಮ್ಮ ರವಿವಾರದ ಸೈಕಲ್ ಗುಂಪಿನವರು ದಾಂಡೇಲಿಯ ಒಂದು ಶಾಲೆಯ ಹಾಲಿನಲ್ಲಿ ಸಣ್ಣ ಸಭೆ ಇಟ್ಟುಕೊಂಡರು. ಫೋಟೋಗೆ ಒಂದು ಹಾರ, ಎರಡು ಊದಿನಕಡ್ಡಿ, ಬಾಡಿಗೆಗೆ ತಂದ ಕುರ್ಚಿಗಳು. ಮಾಸ್ತರಷ್ಟು ಅವರನ್ನು ಹತ್ತಿರದಿಂದ ಕಂಡವರು ಯಾರೂ ಇಲ್ಲ ಎಂದು ಒಬ್ಬರು ಮೈಕಿನಲ್ಲಿ ಹೇಳಿ ನನ್ನನ್ನು ಎಬ್ಬಿಸಿದರು. ನಾನು ಎದ್ದು ನಿಂತು ಟೈರಿನ ಬಗ್ಗೆ ಮಾತಾಡಿದೆ. ಹೊಸ ಟೈರನ್ನು ಅವರು ಹೇಗೆ ಮೂಸಿ ನೋಡುತ್ತಿದ್ದರು, ಹೆಬ್ಬೆರಳಿನಿಂದ ಹೇಗೆ ಒತ್ತುತ್ತಿದ್ದರು, ನನ್ನ ಪಂಪಿನ ಮೀಟರಿಗಿಂತ ಅವರ ಕಿವಿ ಹೇಗೆ ಕರಾರುವಾಕ್ಕಾಗಿತ್ತು ಎಂದೆಲ್ಲ ಹೇಳಿದೆ. ಜನ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಮೊದಲ ಸಾಲಿನಲ್ಲಿ ಅವರ ಹೆಂಡತಿ ಕೂತಿದ್ದರು. ನಾವೆಲ್ಲ ಅವರನ್ನು ಕಾಕು ಎನ್ನುತ್ತೇವೆ. ಕಾಕು ನಗಲಿಲ್ಲ, ಅಳಲೂ ಇಲ್ಲ. ಸೆರಗಿನ ಅಂಚನ್ನು ಮಡಚುತ್ತ ಬಿಡಿಸುತ್ತ ಕೂತಿದ್ದರು. ನಾನು ಏನನ್ನು ಬಿಟ್ಟು ಮಾತಾಡುತ್ತಿದ್ದೇನೆಂದು ಆ ಹಾಲಿನಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೆ. ಅದನ್ನು ಇಲ್ಲಿ ಬರೆಯುತ್ತೇನೆ. ಬರೆದರೆ ಮನಸ್ಸು ಹಗುರಾಗುತ್ತದೆ ಎಂಬ ಭ್ರಮೆಯೇನೂ ನನಗಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಗೆ ಹೆದರಿ ರೋಡ್ ಬೈಕ್ ಕೊಂಡೆ. ಕೊಂಡವನು ಸುಮ್ಮನೆ ತುಳಿದುಕೊಂಡು ಇರಬೇಕಿತ್ತು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಟೈರಿನ ಪಂಡಿತನಾದೆ. ಸವಾರನ ತೂಕ ಎಷ್ಟು, ಟೈರಿನ ಅಗಲ ಎಷ್ಟು ಮಿಲಿಮೀಟರು, ರಸ್ತೆ ಎಂಥದು, ಇದಕ್ಕೆ ಎಷ್ಟು ಪಾಯಿಂಟ್ ಗಾಳಿ ಬೇಕು ಎಂದು ಒಂದು ಕೋಷ್ಟಕ ಮಾಡಿ ಗುಂಪಿನವರಿಗೆಲ್ಲ ಹಂಚಿದ್ದೆ. ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ನನ್ನ ಹೆಂಡತಿ, ಯಾರಾದರೂ ಬೆನ್ನು ನೋವು ಎಂದರೆ ಸಾಕು, ಇವರ ಹತ್ತಿರ ಹೇಳಬೇಡಿ, ಗಾಳಿ ಕಡಿಮೆ ಮಾಡಿಕೊಳ್ಳಿ ಅಂದಾರು ಎಂದು ಚೇಷ್ಟೆ ಮಾಡುತ್ತಿದ್ದಳು. ಆ ಚೇಷ್ಟೆ ಈಗ ನಮ್ಮ ಮನೆಯಲ್ಲಿ ನಿಂತಿದೆ.

ಕಾಕಾನನ್ನು ನಾನು ಮೊದಲು ಕಂಡದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಪಂಕ್ಚರ್ ಅಂಗಡಿಯ ಮುಂದೆ. ಆ ವರ್ಷವೇ ಕಾಗದ ಕಾರ್ಖಾನೆಯಿಂದ ನಿವೃತ್ತರಾಗಿದ್ದರು. ಧಾರವಾಡದಲ್ಲಿ ಯಾರೋ ಬಳಸಿ ಬಿಟ್ಟ ರೋಡ್ ಬೈಕನ್ನು ತಂದು, ಪ್ಯಾಂಟಿನ ಕೆಳಗೆ ರಬ್ಬರ್ ಬ್ಯಾಂಡ್ ಬಿಗಿದು, ತಲೆಗೆ ಹೆಲ್ಮೆಟ್ಟಿನ ಕೆಳಗೆ ಒಂದು ಬಿಳಿ ಟೊಪ್ಪಿಗೆ ಹಾಕಿ ನಿಂತಿದ್ದರು. ನಾನು ಅಂಗಡಿಯವನಿಗೆ ನನ್ನ ಟೈರಿನ ಗುಣಗಾನ ಮಾಡುತ್ತಿದ್ದೆ. ಪಂಕ್ಚರೇ ಆಗದ ಟೈರು, ಒಳಗೆ ದಪ್ಪ ಪಟ್ಟಿ ಇದೆ, ಹತ್ತು ಸಾವಿರ ಕಿಲೋಮೀಟರ್ ಬಾಳುತ್ತದೆ ಎಂದು. ಇವರು ಹತ್ತಿರ ಬಂದು, ಅಪ್ಪಣೆ ಕೇಳಿ, ಟೈರಿನ ಪಕ್ಕೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೋಡಿ, "ತಪ್ಪ ತಿಳ್ಕೋಬ್ಯಾಡ್ರಿ ಮಾಸ್ತರ, ಇದು ಕಾಗದ ಅಲ್ರಿ, ರಟ್ಟು" ಎಂದರು. ನನಗೆ ಸಿಟ್ಟು ಬಂತು. ಆಮೇಲೆ ಮೂರು ತಿಂಗಳು ಆ ಟೈರಿನ ಮೇಲೆ ಕೂತಾಗಲೆಲ್ಲ ರಟ್ಟಿನ ಮೇಲೆ ಕೂತಂತೆಯೇ ಅನಿಸಿತು.

ಬೆಳಗಾವಿ ಕಡೆಯ ಒಂದು ಹಳ್ಳಿಯಿಂದ ಇಪ್ಪತ್ತನೆಯ ವಯಸ್ಸಿಗೆ ದಾಂಡೇಲಿಗೆ ಬಂದವರು ಅವರು. ಕಾರ್ಖಾನೆಯಲ್ಲಿ ಕಾಗದ ಪರೀಕ್ಷೆಯ ಕೋಣೆಯಲ್ಲೇ ಇಡೀ ನೌಕರಿ ಮುಗಿಸಿದರು. ಹಾಳೆಯನ್ನು ಒತ್ತಿ ಒಡೆಯುವ ಯಂತ್ರ, ಹರಿಯುವ ಯಂತ್ರ, ಮಡಚಿ ಮಡಚಿ ಎಷ್ಟನೆಯ ಮಡಿಕೆಗೆ ತುಂಡಾಗುತ್ತದೆ ಎಂದು ಎಣಿಸುವ ಯಂತ್ರ. ಇವುಗಳ ನಡುವೆ ಬದುಕಿದ ಮನುಷ್ಯನ ಬೆರಳು ಸುಮ್ಮನೆ ಇರುತ್ತಿರಲಿಲ್ಲ. ಮದುವೆಯ ಆಮಂತ್ರಣ ಕೊಟ್ಟರೆ ಯಾರ ಮದುವೆ ಎಂದು ನೋಡುವ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಬೆರಳಿನಿಂದ ಚಿಮ್ಮುತ್ತಿದ್ದರು. ಬಸ್ ಟಿಕೆಟನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹರಿದು ಎರಡರ ಅಂಚನ್ನೂ ನಮಗೆ ತೋರಿಸುತ್ತಿದ್ದರು. ಹಾಳೆ ಹರಿಯುವ ಮುಂಚೆ ಅದು ತಾನೇ ಹೇಳುತ್ತದೆ ಎಂಬುದು ಅವರ ನಂಬಿಕೆ. ಸಣ್ಣಗೆ ಟಿಕ್ ಎನ್ನುತ್ತದಂತೆ, ಯಂತ್ರದ ಗದ್ದಲದಲ್ಲಿ ನಮಗೆ ಕೇಳಿಸುವುದಿಲ್ಲ ಅಷ್ಟೆ.

ಟೈರಿನ ವಿಷಯದಲ್ಲೂ ಅದೇ ಕಿವಿ. ನಾನು ವಾಲ್ವಿನ ಪಿನ್ನು ಒತ್ತಿ ಗಾಳಿ ಬಿಡುತ್ತಿದ್ದರೆ ಅವರು ಅತ್ತ ತಿರುಗಿ ಚಹಾ ಕುಡಿಯುತ್ತ ನಿಂತಿರುತ್ತಿದ್ದರು. ಆ ಸುಂಯ್ ಎನ್ನುವ ಸದ್ದು ಕೇಳುತ್ತಲೇ ಹಿಂದಕ್ಕೆ ನೋಡದೆ, ಸಾಕು, ಎಂಬತ್ತಕ್ಕೆ ಬಂತು ಎನ್ನುತ್ತಿದ್ದರು. ಮೀಟರ್ ಹಚ್ಚಿದರೆ ಎಂಬತ್ತೊಂದು ತೋರಿಸುತ್ತಿತ್ತು. ನಿಮ್ಮ ಮೀಟರ್ ಒಂದು ಪಾಯಿಂಟ್ ಸುಳ್ಳು ಹೇಳುತ್ತದೆ ಎಂದು ನಗುತ್ತಿದ್ದರು. ಆಮೇಲೆ ಹೊಸ ಮೀಟರ್ ತಂದು ನೋಡಿದೆ, ಸುಳ್ಳು ಹೇಳುತ್ತಿದ್ದದ್ದು ನಿಜವಾಗಿಯೂ ಮೀಟರೇ.

ಅವರಿಗೆ ಬಾರದೆ ಇದ್ದ ವಿದ್ಯೆ ಎಂದರೆ ಎದುರಿಗಿದ್ದವರಿಗೆ ಬೇಸರವಾಗುವ ಮಾತು ಆಡುವುದು. ಒಮ್ಮೆ ದರ್ಜಿ ಅವರ ಅಂಗಿಯ ಒಂದು ತೋಳನ್ನು ಎರಡು ಬೆರಳು ಗಿಡ್ಡ ಹೊಲಿದಿದ್ದ. ಹಾಕಿಸಿ ನೋಡಿ, ಸರಿ ಆಯಿತೇ ಎಂದು ಕೇಳಿದ. ಇವರು ಗಿಡ್ಡ ತೋಳನ್ನು ಮೆಲ್ಲಗೆ ಜಗ್ಗಿಕೊಂಡು ಸರಿ ಆಯಿತು ಎಂದರು. ಆ ಅಂಗಿಯನ್ನು ನಾಲ್ಕು ವರ್ಷ ಹಾಕಿದರು, ಒಂದು ಕೈಯನ್ನು ಸದಾ ಸ್ವಲ್ಪ ಮಡಚಿಕೊಂಡು. ಕಾಕು ಈ ಕತೆಯನ್ನು ಹೇಳುವಾಗ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಕಾಕಾ ಕೂಡ ನಗುತ್ತಿದ್ದರು. ಅವನು ಆ ಅಂಗಿಗೆ ಭಾಳ ಕಷ್ಟಪಟ್ಟಿದ್ದ ಎಂದು ಮಾತ್ರ ಸೇರಿಸುತ್ತಿದ್ದರು.

ಇನ್ನೊಂದು ಅವರ ಅಭ್ಯಾಸಕ್ಕೆ ನಾನು ಮೈ ಪರಚಿಕೊಂಡದ್ದುಂಟು. ಹ್ಯಾಂಡಲಿಗೆ ಒಂದು ಕ್ಯಾನ್ವಾಸ್ ಚೀಲ ನೇತುಹಾಕಿರುತ್ತಿದ್ದರು. ಗಣೇಶಗುಡಿಯ ದಾರಿಯಲ್ಲಿ ಪ್ರವಾಸಕ್ಕೆ ಬಂದವರು ಒಡೆದು ಹೋದ ಬಾಟಲಿಯ ಚೂರು ಕಂಡರೆ ಸಾಕು, ಇಳಿದು, ಕೂತು, ಒಂದೊಂದಾಗಿ ಆರಿಸಿ ಆ ಚೀಲಕ್ಕೆ ತುಂಬುತ್ತಿದ್ದರು. ಪಕ್ಕದಲ್ಲಿ ಸುತ್ತಿ ಹೋದರೆ ಆಯಿತಲ್ಲ ಎಂದರೆ, ನಮ್ಮ ಟೈರು ಸುತ್ತಿ ಹೋಗುತ್ತದೆ, ಹಿಂದೆ ಬರುವವನ ಟೈರಿಗೆ ಯಾರು ಹೇಳುತ್ತಾರೆ ಎಂದು ಕೇಳುತ್ತಿದ್ದರು. ಒಂದು ರವಿವಾರ ಇಡೀ ಸವಾರಿ ಅದರಲ್ಲೇ ಮುಗಿದು, ಅಣೆಕಟ್ಟಿನ ಮುಖವನ್ನೂ ನೋಡದೆ ತಿರುಗಿ ಬಂದೆವು. ನಾನು ದಾರಿಯುದ್ದಕ್ಕೂ ಅವರ ಜೊತೆ ಮಾತು ಬಿಟ್ಟಿದ್ದೆ. ಅವರು ಹಿಂದಿನಿಂದ ಚೀಲದ ಗಾಜು ಗಲಗಲ ಎನ್ನಿಸುತ್ತ ಬಂದರು.

ಅವರಿಗೊಂದು ಆಸೆ ಇತ್ತು. ಮುಂಡಗೋಡ ತಾಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ ಅವರ ಅಕ್ಕ ಇದ್ದಾರೆ, ಗೋವಿನಜೋಳ ಬೆಳೆದುಕೊಂಡು. ದಾಂಡೇಲಿಯಿಂದ ಅಲ್ಲಿಗೆ ಸೈಕಲ್ ಮೇಲೆ ಹೋಗಿ ಅಕ್ಕನ ಬಾಗಿಲಿಗೆ ನಿಲ್ಲಬೇಕು. ದಾರಿ ದೂರ, ಡಾಂಬರು ಅಲ್ಲಲ್ಲಿ ಕಿತ್ತಿದೆ. ಅಷ್ಟು ಹೊತ್ತು ಕೂತರೂ ಮೈ ನೋಯದಂಥ, ಹಾಗೆಂದು ಅರ್ಧ ದಾರಿಯಲ್ಲಿ ಕೈ ಕೊಡದಂಥ ಟೈರು ಬೇಕು. ಇದನ್ನು ಆರಿಸುವ ಜವಾಬ್ದಾರಿಯನ್ನು ಅವರು ನನಗೆ ಒಪ್ಪಿಸಿದರು. ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ.

ಟೈರಿನ ಕಷ್ಟ ಏನೆಂದರೆ ಎರಡೂ ಗುಣ ಒಂದರಲ್ಲಿ ಸಿಗುವುದು ಕಡಿಮೆ. ಸಣ್ಣ ಎಳೆಯ ನೂಲಿನಿಂದ ತೆಳ್ಳಗೆ ಮಾಡಿದ್ದು ರಸ್ತೆಯ ಉಬ್ಬುತಗ್ಗನ್ನು ತಾನೇ ನುಂಗಿಕೊಳ್ಳುತ್ತದೆ, ಆದರೆ ಒಂದು ಚೂಪು ಕಲ್ಲಿಗೆ ಪಕ್ಕೆ ಸೀಳಿಸಿಕೊಳ್ಳುತ್ತದೆ. ದಪ್ಪ ಪಟ್ಟಿಯ ಟೈರು ವರ್ಷಗಟ್ಟಲೆ ಬಾಳುತ್ತದೆ, ಆದರೆ ಪ್ರತಿ ಕಲ್ಲನ್ನೂ ಬೆನ್ನುಮೂಳೆಗೆ ವರದಿ ಮಾಡುತ್ತದೆ. ಇದನ್ನು ನಾನು ಅರ್ಧ ಗಂಟೆ ವಿವರಿಸಿದ ಮೇಲೆ ಕಾಕಾ, ಕಾಗದದ್ದೂ ಇದೇ ಹಣೆಬರಹ ಮಾಸ್ತರ ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ನೋವು ಮೊದಲು ಕಾಣಿಸಿದ್ದು ಕುಂಬಾರವಾಡದ ದಾರಿಯಲ್ಲಿ. ಜೊಯಿಡಾ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಅವರ ಸೈಕಲ್ಲಿನಲ್ಲಿ ಹಳೆಯ ಮಾಲೀಕ ಹಾಕಿದ್ದ ಇಪ್ಪತ್ಮೂರು ಮಿಲಿಮೀಟರಿನ ಸಪೂರ ಟೈರು, ಅದಕ್ಕೆ ನೂರಾಹತ್ತು ಪಾಯಿಂಟ್ ಗಾಳಿ. ಕುಂಬಾರವಾಡದಲ್ಲಿ ಇಳಿದವರು ಗದ್ದೆಯ ಬದುವಿನ ಮೇಲೆ ಅಂಗಾತ ಮಲಗಿಬಿಟ್ಟರು. ಸೊಂಟದ ಸ್ವಲ್ಪ ಮೇಲೆ ಒಂದು ಕಡೆ ಕೈಯಿಟ್ಟು, ಇಲ್ಲೊಂದು ಮೊಳೆ ಬಡಿದಂತಾಗಿದೆ ಎಂದರು. ನಾನು ಅವರನ್ನು ನೋಡಲಿಲ್ಲ, ಸೈಕಲ್ಲನ್ನು ನೋಡಿದೆ. ಟೈರನ್ನು ಒತ್ತಿ, ಇಷ್ಟು ಸಪೂರ ಟೈರಿನ ಮೇಲೆ ಈ ರಸ್ತೆಗೆ ಬಂದರೆ ಕಬ್ಬಿಣದ ಬೆನ್ನೂ ನೋಯುತ್ತದೆ ಎಂದು ತೀರ್ಪು ಕೊಟ್ಟೆ. ಅಲ್ಲಿದ್ದವರೆಲ್ಲ ಹೌದು ಹೌದು ಎಂದರು. ಸೈಕಲ್ಲಿನವರ ಬುದ್ಧಿಯೇ ಹಾಗೆ. ಮೊಣಕಾಲು ನೋಯುತ್ತದೆಯೇ, ಸೀಟು ಎತ್ತರಿಸು. ಕೈ ಜುಮ್ಮೆನ್ನುತ್ತದೆಯೇ, ಹ್ಯಾಂಡಲು ತಿರುಗಿಸು. ಮೈಯಲ್ಲಿ ಏನೇ ಆದರೂ ಪಾನಾ ಹಿಡಿದು ಸೈಕಲ್ಲಿಗೆ ಔಷಧ ಮಾಡುವವರು ನಾವು.

ಮೊದಲ ಜೊತೆ ಇಪ್ಪತ್ತೈದರದು. ತರಿಸಿ, ಅವರ ಮನೆಯಂಗಳದಲ್ಲಿ ನಾನೇ ಕೂತು ಹಾಕಿದೆ, ತೊಂಬತ್ತಕ್ಕೆ ಗಾಳಿ ತಂದೆ. ಮರುದಿನ ಕುಳಗಿಯ ತನಕ ಹೋಗಿ ಬಂದೆವು. ಕಾಡಿನ ಆ ದಾರಿ ನುಣುಪಾಗಿದೆ, ಸೈಕಲ್ಲು ಸದ್ದಿಲ್ಲದೆ ಓಡಿತು. ಇಳಿದ ಕೂಡಲೇ ನಾನು ಬಗ್ಗಿ ಟೈರಿನ ಮೇಲೆ ಗೀರು ಬಿದ್ದಿದೆಯೇ ಎಂದು ನೋಡುತ್ತ, ಬೆನ್ನು ಹೇಗಿದೆ ಎಂದು ಕೇಳಿದೆ.

"ಈಗ ಸರಿ ಆತ್ರಿ, ಮಾಸ್ತರ" ಎಂದರು ನನ್ನ ತಲೆಯ ಮೇಲಿಂದ.

ಅವತ್ತು ನಾನು ಗುಂಪಿನ ವಾಟ್ಸಾಪ್‌ನಲ್ಲಿ ಇಪ್ಪತ್ತೈದರ ಮಹಿಮೆಯ ಬಗ್ಗೆ ಮಾರುದ್ದ ಬರೆದೆ. ಕಾಕಾ ಅದರ ಕೆಳಗೆ ಕೈಮುಗಿದ ಚಿತ್ರ ಹಾಕಿದರು.

ಎರಡು ತಿಂಗಳಿಗೆ ಮತ್ತೆ ನೋವು ಎಂದು ಗೊತ್ತಾಯಿತು. ಅವರು ಹೇಳಲಿಲ್ಲ. ಹಳಿಯಾಳದ ಏರಿನಲ್ಲಿ ಅವರು ಹಿಂದೆ ಬೀಳತೊಡಗಿದ್ದನ್ನು ನೋಡಿ ನಾನೇ ಕೇಳಿದ್ದು. ಎರಡನೆಯ ಜೊತೆ ಇಪ್ಪತ್ತೆಂಟರದು, ಪಟ್ಟಿ ಇದ್ದದ್ದು, ಮುಂಡಗೋಡದ ದೂರಕ್ಕೆ ಬಾಳಲಿ ಎಂದು. ಆ ಟೈರನ್ನು ಆರಿಸಲು ಕಾಕಾ ಮತ್ತು ನಾನು ಅವರ ಮನೆಯ ಜಗುಲಿಯಲ್ಲಿ ಒಂದು ಇಡೀ ಮಧ್ಯಾಹ್ನ ಕೂತು ಫೋನಿನಲ್ಲಿ ಚಿತ್ರ ನೋಡಿದೆವು. ಹೆಣ್ಣು ನೋಡಲು ಬಂದಾಗ ನನ್ನನ್ನೂ ಇವರು ಇಷ್ಟು ಹೊತ್ತು ನೋಡಿರಲಿಲ್ಲ ಎಂದು ಕಾಕು ಚಹಾ ಇಟ್ಟು ಹೋದರು. ಟೈರು ಬಂತು, ಹಾಕಿದೆವು. ಕಾಕಾ ಅಂಗಳದಲ್ಲಿ ಎರಡು ಸುತ್ತು ಹೊಡೆದರು. ನಾನು ಮಣ್ಣಿನಲ್ಲಿ ಮೂಡಿದ ಅಚ್ಚಿನ ಅಗಲವನ್ನು ಬೆರಳಿನಿಂದ ಅಳೆಯುತ್ತಿದ್ದೆ. ಈಗ ಸರಿ ಆಯಿತು, ಇದರ ಮೇಲೆ ಮುಂಡಗೋಡ ಎಂದರು. ಅಕ್ಕನಿಗೆ ಫೋನು ಕೂಡ ಮಾಡಿದರು.

ಕಾಕು ಶಾಲೆಗೆ ಬಂದದ್ದು ಅದಾದ ಮೇಲೆ. ಮಧ್ಯಾಹ್ನದ ವಿರಾಮದ ಗಂಟೆ ಆಗಿತ್ತು. ಸ್ಟಾಫ್ ರೂಮಿನ ಬಾಗಿಲಲ್ಲಿ ಒಂದು ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದರು, ಒಳಗೆ ಶೇಂಗಾ ಉಂಡಿ. ನಾನು ಹೊರಗೆ ಬಂದೆ. ಅವರು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಅತ್ತಿತ್ತ ನೋಡಿ ಮಾತಾಡಿದರು.

"ಮಾಸ್ತರ, ಇವರು ಗ್ವಾಡಿಗೆ ಬೆನ್ನ ಹಚ್ಚಿ ಕುಂತ ನಿದ್ದಿ ಮಾಡಾಕತ್ತಾರ. ಸೈಕಲ್ ಹೊಡದ್ರ ನೋವು ಬರೂದು ಖರೆ. ಮಲ್ಕೊಂಡ್ರ ಯಾಕ ಬರಬೇಕ್ರಿ? ಒಮ್ಮೆ ಡಾಕ್ಟರ್ ಕಡೆ ಹೋಗ್ರಿ ಅಂತ ನೀವ ಹೇಳ್ರಿ. ನನ್ನ ಮಾತ ಕೇಳಂಗಿಲ್ಲ. ನೀವು ಹೇಳಿದ್ರ ಕೇಳ್ತಾರ."

ಇಪ್ಪತ್ತು ವರ್ಷದಿಂದ ಮಕ್ಕಳಿಗೆ ತರ್ಕ ಕಲಿಸುವವನು ನಾನು. ಆ ಹೆಂಗಸು ನನ್ನ ಎದುರಿಗೆ ನಿಂತು ಇಟ್ಟ ತರ್ಕದಲ್ಲಿ ಒಂದು ಕೂದಲೆಳೆಯ ದೋಷವೂ ಇರಲಿಲ್ಲ. ಟೈರು ಕಾರಣವಾಗಿದ್ದರೆ ಟೈರು ಬಿಟ್ಟು ಮಲಗಿದಾಗ ನೋವು ಹೋಗಬೇಕು. ಹೋಗುತ್ತಿಲ್ಲ. ಹಾಗಾದರೆ ಟೈರು ಕಾರಣವಲ್ಲ. ಎಂಟನೆಯ ತರಗತಿಯ ಹುಡುಗಿಗೂ ತಿಳಿಯುವ ಲೆಕ್ಕ. ನನಗೆ ತಿಳಿಯಲಿಲ್ಲ, ಅಲ್ಲ, ತಿಳಿಯುವುದು ನನಗೆ ಬೇಕಿರಲಿಲ್ಲ. ನನ್ನ ಕೋಷ್ಟಕ ಸೋಲುತ್ತದೆಯಲ್ಲ.

"ಕಾಕು, ಆ ಟೈರ್ ಸ್ವಲ್ಪ ಬಿರುಸ ಅದಾವ್ರಿ, ತಪ್ಪ ನಂದ" ಎಂದೆ. "ಮೆತ್ತನ್ನು ತರಸಾಕತ್ತೇನಿ. ಹದಿನೈದ ದಿನ ತಡೀರಿ."

ಅವರು ತಲೆಯಾಡಿಸಿ ಹೋದರು. ನಾನು ಒಳಗೆ ಬಂದು ಉಂಡಿಯನ್ನು ಎಲ್ಲರಿಗೂ ಹಂಚಿ, ಉಳಿದದ್ದನ್ನು ತಿಂದೆ. ಚೆನ್ನಾಗಿದ್ದವು. ಈ ಒಂದು ಸಂಗತಿಯನ್ನೇ ನಾನು ಸಭೆಯಲ್ಲಿ ಹೇಳದೆ ಇದ್ದದ್ದು.

ಮೂರನೆಯ ಜೊತೆ ನಿಜಕ್ಕೂ ಒಳ್ಳೆಯದು. ರೇಷ್ಮೆಯಂತೆ ಮಡಚುವ ಟೈರು. ಕಾಕಾ ಅದನ್ನು ಪೆಟ್ಟಿಗೆಯಿಂದ ತೆಗೆದು ಮೂಸಿ, ಮಡಚಿ, ಕಿವಿಯ ಹತ್ತಿರ ಹಿಡಿದು, ಇದು ಮಾತ್ರ ಕಾಗದ ಮಾಸ್ತರ ಎಂದರು. ಅವರ ಸಂತೋಷ ಆ ಕ್ಷಣಕ್ಕೆ ನಿಜವಾಗಿತ್ತು ಎಂದು ಈಗಲೂ ನಂಬುತ್ತೇನೆ, ಅಷ್ಟಾದರೂ ನಂಬಲು ಬಿಡಿ. ಎಪ್ಪತ್ತಕ್ಕೆ ಗಾಳಿ ಇಳಿಸಿದೆವು. ಅವರೇ ಸದ್ದು ಕೇಳಿ ನಿಲ್ಲಿಸಿದರು. ಹಳಿಯಾಳಕ್ಕೆ ಹೋಗಿ ಬಂದೆವು. ಅರ್ಧ ದಾರಿಯಲ್ಲಿ ಅವರು ನನಗೆ ಮುಂದೆ ಹೋಗಲು ಹೇಳಿದರು, ತಾವು ನಿಧಾನಕ್ಕೆ ಬರುತ್ತೇವೆಂದು. ಹಿಂದಿನ ವಾರದ ಬಾಟಲಿ ಚೂರು ಇನ್ನೂ ಅಲ್ಲಿ ಇರಬಹುದು, ನೋಡಿಕೊಂಡು ಬರುತ್ತೇನೆ ಎಂದರು. ನಾನು ಮುಂದೆ ಹೋದೆ, ಚಹಾದ ಅಂಗಡಿಯಲ್ಲಿ ಅರ್ಧ ಗಂಟೆ ಕಾದೆ. ಅವರು ಸೈಕಲ್ಲನ್ನು ತಳ್ಳಿಕೊಂಡು ಬಂದರು. ಚೀಲದಲ್ಲಿ ಗಾಜು ಇರಲಿಲ್ಲ. ನಾನು ಪಂಕ್ಚರ್ ಆಗಿದೆ ಎಂದೇ ತಿಳಿದು, ಓಡಿಹೋಗಿ, ಬಗ್ಗಿ ಚಕ್ರವನ್ನು ತಿರುಗಿಸಿ ನೋಡಿದೆ. ಟೈರಿಗೆ ಏನೂ ಆಗಿರಲಿಲ್ಲ.

"ಏನಿಲ್ರಿ, ಸುಮ್ನ ನಡಕೋತ ಬಂದೆ. ಈಗ ಸರಿ ಆತು" ಎಂದರು.

ಎರಡು ತಿಂಗಳಲ್ಲಿ ಆ ಟೈರಿನ ಪಕ್ಕೆಯನ್ನು ಜಲ್ಲಿ ಕಲ್ಲೊಂದು ಸೀಳಿತು. ಇಷ್ಟು ಮೆತ್ತನೆಯದು ಬಾಳುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತಲ್ಲ ಎಂದು ನಾನು ಗುಂಪಿನಲ್ಲಿ ಹೇಳಿಕೊಂಡು ತಿರುಗಿದೆ. ಆ ಹೊತ್ತಿಗೆ ಕಾಕಾನ ಅಂಗಿಗಳೆಲ್ಲ ಸಡಿಲವಾಗಿದ್ದವು. ಸೈಕಲ್ ತುಳಿದು ಕರಗಿದ್ದಾರೆ ಎಂದು ನಾವು ಅವರನ್ನು ಹೊಗಳಿದೆವು. ನಾನಂತೂ ನನ್ನ ಹೊಟ್ಟೆ ತೋರಿಸಿ ಅವರ ಹತ್ತಿರ ಗುಟ್ಟು ಕೇಳಿದೆ.

ನಾಲ್ಕನೆಯ ಜೊತೆ ಮೂವತ್ತೆರಡರದು. ಅಗಲವೂ ಇದೆ, ಮೆತ್ತಗೂ ಇದೆ, ಬಾಳಿಕೆಯೂ ಇದೆ. ಒಂದೂವರೆ ವರ್ಷದ ಹುಡುಕಾಟದ ಕೊನೆಗೆ ಸಿಕ್ಕ ಸರಿಯಾದ ಉತ್ತರ. ಅದು ಅವರ ಬ್ರೇಕಿನ ನಡುವೆ ಹಿಡಿಯುವುದಿಲ್ಲ ಎಂದು ಗೊತ್ತಾಗಿ, ಬೇರೆ ಬ್ರೇಕನ್ನೂ ತರಿಸಿ ಕೂರಿಸಿದೆ. ಒಂದು ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ಕಾಕಾ ಬಿಳಿ ಟೊಪ್ಪಿಗೆ ಹಾಕಿಕೊಂಡು ಅಂಗಳಕ್ಕೆ ಬಂದರು, ಸೈಕಲ್ಲಿನ ಪಕ್ಕ ನಿಂತರು, ಬಲಗಾಲು ಎತ್ತಲು ಹೋದರು. ಕಾಲು ಮೇಲೆ ಬರಲಿಲ್ಲ. ಮತ್ತೊಮ್ಮೆ ನೋಡಿದರು, ಬರಲಿಲ್ಲ. ತಮ್ಮ ಕಾಲನ್ನೇ ಅವರು ಯಾರದೋ ಸಾಮಾನಿನಂತೆ ನೋಡಿದರು. ಆಮೇಲೆ ಕಾಕು ಬಂದು ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ನಾನು ಎರಡು ಕೈಯಲ್ಲಿ ಸೈಕಲ್ಲನ್ನು ಹಿಡಿದು ಅಂಗಳದಲ್ಲೇ ನಿಂತಿದ್ದೆ.

ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಹೋದೆವು. ಡಾಕ್ಟರು ನೋವು ಎಷ್ಟು ದಿನದಿಂದ ಎಂದು ಕೇಳಿದಾಗ ಕಾಕಾ ನನ್ನ ಕಡೆ ಒಮ್ಮೆ ನೋಡಿ, ಇತ್ತೀಚೆಗೆ ಎಂದರು. ಕಾಕು ಒಂದೂವರೆ ವರ್ಷ ಎಂದರು. ಫೋಟೋ ತೆಗೆದರು, ಸ್ಕ್ಯಾನ್ ಮಾಡಿದರು. ಬೇರೆ ಎಲ್ಲಿಯೋ ಹುಟ್ಟಿದ ಕ್ಯಾನ್ಸರು ಬೆನ್ನುಮೂಳೆಗೆ ಹಬ್ಬಿ ಅದನ್ನು ಒಳಗಿಂದೊಳಗೆ ತಿಂದಿತ್ತು. ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತೇ ಎಂದು ನಾನು ಡಾಕ್ಟರನ್ನು ಬೇರೆಯಾಗಿ ಕೇಳಿದೆ. ಅವರು ನನ್ನನ್ನು ನೋಡಿ, ನೀವು ರೋಗಿಗೆ ಏನಾಗಬೇಕು ಎಂದು ಕೇಳಿದರು. ಏನೂ ಇಲ್ಲ, ಜೊತೆಗೆ ಸೈಕಲ್ ಹೊಡೆಯುತ್ತೇವೆ ಎಂದೆ. ಹಾಗಾದರೆ ಆ ಪ್ರಶ್ನೆ ಈಗ ಬೇಡ ಬಿಡಿ ಎಂದರು. ಹೊರಗೆ ಬೆಂಚಿನ ಮೇಲೆ ಕಾಕು ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಅವರು ಎದುರಿನ ಗೋಡೆ ನೋಡುತ್ತ, "ಹದಿನೈದ ದಿನ ಅಂದಿದ್ರಿ" ಎಂದರು. ಅವರು ನನಗೆ ಅಂದದ್ದು ಅಷ್ಟೆ. ಆಮೇಲೆ ಇವತ್ತಿನವರೆಗೆ ಆ ಬಗ್ಗೆ ಒಂದು ಮಾತೂ ಆಡಿಲ್ಲ. ಆಡಿದ್ದರೆ ನಾನು ಕಾಲಿಗಾದರೂ ಬೀಳಬಹುದಿತ್ತು.

ಮೂರು ವಾರದ ನಂತರ, ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದರು. ಆಂಬುಲೆನ್ಸಿನಲ್ಲಿ ಹೊರಟೆವು, ಮಧ್ಯಾಹ್ನದ ಬಿಸಿಲು. ತಿರುವುಗಳಲ್ಲಿ ವಾಂತಿ ಬರುತ್ತದೆಂದು ಕಾಕು ಮುಂದೆ ಡ್ರೈವರನ ಪಕ್ಕ ಕೂತರು. ಹಿಂದೆ ಕಾಕಾ ಮಲಗಿದ್ದರು, ನಾನು ಅವರ ಕಾಲಿನ ಹತ್ತಿರ ಕೂತಿದ್ದೆ. ಧಾರವಾಡ ದಾಟಿದ ಮೇಲೆ ಶುರುವಾಯಿತು. ಗಾಡಿ ಪ್ರತಿ ಗುಂಡಿಗೆ ಇಳಿದಾಗ ಅವರ ಬಾಯಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ಅದು ನರಳಾಟವೂ ಅಲ್ಲ. ಹಾಳೆಯ ಬಗ್ಗೆ ಅವರು ಹೇಳುತ್ತಿದ್ದ ಆ ಟಿಕ್ ಎನ್ನುವ ಸದ್ದು ಇದೇ ಇರಬೇಕು ಅನಿಸಿತು. ಹಳಿಯಾಳದ ತನಕ ತಡೆದುಕೊಂಡೆ. ಊರು ದಾಟಿ ಕಾಡು ಶುರುವಾಗುವಲ್ಲಿ ಗಾಜು ಬಡಿದು ಗಾಡಿ ನಿಲ್ಲಿಸಿದೆ.

ಹಿಂದಿನ ಬಾಗಿಲು ತೆರೆದು ಇಳಿದು, ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿದೆ. ಕಲ್ಲು. ಡ್ರೈವರನನ್ನು ಕರೆದು, ಹಿಂದಿನ ಎರಡೂ ಚಕ್ರದ ಗಾಳಿ ಹದಿನೈದು ಪಾಯಿಂಟ್ ಇಳಿಸು ಎಂದೆ. ಅವನು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. ಆದರೂ ಸಮಾಧಾನದಿಂದಲೇ ಹೇಳಿದ.

"ಆಗಂಗಿಲ್ರಿ ಸರ. ಮುಂದ ಎಲ್ಲಾ ತಿರುವು ಅದಾವು. ಗಾಳಿ ಕಡಿಮಿ ಆದ್ರ ಗಾಡಿ ಹೊಯ್ದಾಡತೈತಿ, ಅವರಿಗೆ ಇನ್ನೂ ತ್ರಾಸ ಆಗತೈತಿ. ನಾ ಸಾವಕಾಶ ಹೋಗ್ತೇನಿ, ಕುಂದರ್ರಿ."

ಅವನು ಹೇಳಿದ್ದು ಸರಿ. ಅಷ್ಟು ಭಾರದ ಗಾಡಿಗೆ, ಆ ತಿರುವಿಗೆ, ಗಾಳಿ ಇಳಿಸಬಾರದು. ನನ್ನ ಕೋಷ್ಟಕವೂ ಅದನ್ನೇ ಹೇಳುತ್ತದೆ. ಆದರೂ ನಾನು ಚಕ್ರದ ಪಕ್ಕಕ್ಕೆ ಕುಕ್ಕರಗಾಲಲ್ಲಿ ಕೂತು ವಾಲ್ವಿನ ಮುಚ್ಚಳ ಬಿಚ್ಚಿದೆ. ಪಿನ್ನು ಒತ್ತಲಿಲ್ಲ. ಮುಚ್ಚಳವನ್ನು ಮತ್ತೆ ತಿರುಗಿಸಿ ಹಾಕಿ, ಒಳಗೆ ಹತ್ತಿ, ಬಾಗಿಲು ಎಳೆದುಕೊಂಡೆ. ಈ ಸಲ ಕಾಲಿನ ಹತ್ತಿರ ಬಿಟ್ಟು ಅವರ ತಲೆಯ ಪಕ್ಕದಲ್ಲಿ ಕೂತೆ. ಆಗಲಿಲ್ಲ ಕಾಕಾ ಎಂದು ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಹೊರಟಿತು, ಮೊದಲ ಗುಂಡಿಗೆ ಇಳಿಯಿತು, ಮೊದಲಿನಷ್ಟೇ ಜೋರಾಗಿ.

"ಈಗ ಸರಿ ಆತ್ರಿ, ಮಾಸ್ತರ" ಎಂದರು ಕಾಕಾ. "ಗಾಳಿ ಇಳಿಸಿದ್ದು ಚಲೋ ಆತು."

ನಾನು ಇಳಿದಿದ್ದಾಗ ಹಿಂದಿನ ಬಾಗಿಲು ತೆರೆದೇ ಇತ್ತು. ಚಕ್ರ ಅವರಿಂದ ಮೂರು ಮಾರು ಕೂಡ ದೂರವಿರಲಿಲ್ಲ. ಬೆನ್ನು ತಿರುಗಿಸಿ ನಿಂತು ಸದ್ದಿನಲ್ಲೇ ಪಾಯಿಂಟ್ ಎಣಿಸುತ್ತಿದ್ದ ಮನುಷ್ಯ ಅವರು. ಆ ಚಕ್ರದಿಂದ ಒಂದು ಪಾಯಿಂಟ್ ಗಾಳಿಯೂ ಹೋಗಿಲ್ಲ ಎಂಬುದು ನನಗೆ ಗೊತ್ತಿದ್ದಷ್ಟೇ ಚೆನ್ನಾಗಿ ಅವರಿಗೂ ಗೊತ್ತಿತ್ತು.

ಇದೇ ಮಾತನ್ನು ಅವರು ಅದಕ್ಕೂ ಮೊದಲು ಮೂರು ಸಲ ನನಗೆ ಹೇಳಿದ್ದರು. ಮೂರು ಸಲವೂ ನಾನು ಬಗ್ಗಿ ಟೈರು ನೋಡುತ್ತಿದ್ದೆ. ಆಂಬುಲೆನ್ಸಿನ ಒಳಗೆ ನೋಡಲು ಟೈರು ಇರಲಿಲ್ಲ. ಆ ಮಾತು ಹೇಳುವಾಗ ಅವರ ಮುಖ ಹೇಗಿರುತ್ತದೆ ಎಂಬುದನ್ನು ನಾನು ಅವತ್ತು ಮೊದಲ ಸಲ ನೋಡಿದೆ.